ಇಳಿತದ ಹೊತ್ತಿಗೆ ಬನ್ನಿ: ಹಳ್ಳದ ನೀರಿನ ಬಗ್ಗೆ ನಾವು ದೂರು ಕೊಟ್ಟ ಅನುಭವ

ನಮ್ಮ ಹಳ್ಳದ ನೀರು ಕೆಟ್ಟಿದೆ ಅಂತ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊದಲು ಗೊತ್ತಾಗಿದ್ದು ಬಳಚು (ತಿನ್ನುವ ಚಿಪ್ಪು) ಹೆಕ್ಕಲು ಹೋಗುವ ಹೆಂಗಸರಿಗೆ. ಆಮೇಲೆ ಬಲೆ ಬೀಸುವವರಿಗೆ. ದಡದ ಮೇಲೆ ಕೂತು ಕೆಲಸ ಮಾಡುವ ನನ್ನಂಥವರಿಗೆ ಕೊನೆಗೆ. ಆದರೆ ಆ ವಿಷಯ ಯಾವ ಕಾಗದದಲ್ಲೂ ಇರಲಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ "ಇದುವರೆಗೆ ಒಂದು ಅರ್ಜಿಯೂ ಬಂದಿಲ್ಲ" ಅಂದರು, ಅದು ನಿಜವೇ ಆಗಿತ್ತು. ಗೊತ್ತಿರುವುದನ್ನು ಕಾಗದಕ್ಕೆ ಇಳಿಸಲು ನಾವು ಏನೇನು ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಹಳ್ಳಕ್ಕೂ ಉಪಯೋಗಕ್ಕೆ ಬರಬಹುದು.

ನಾನು ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಗ್ರಂಥಾಲಯ ಅನ್ನುತ್ತಿದ್ದರಲ್ಲ, ಅದೇ. ಊರು ಅಘನಾಶಿನಿ ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ, ದಂಡೆಯಲ್ಲಿದೆ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುವ ಹೊಳೆ ಇದು. ಈ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಪೇಪರಿನಲ್ಲೆಲ್ಲ ಬಂತು, ನಮಗೂ ಹೆಮ್ಮೆ ಆಯಿತು. ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಗಜನಿ ಗದ್ದೆಯ ಕಗ್ಗ ಭತ್ತ, ಸಾಣಿಕಟ್ಟಾದ ಉಪ್ಪು, ಶೆಟ್ಲಿ (ಸೀಗಡಿ), ಏಡಿ, ಬಳಚು, ಎಲ್ಲ ಇದೇ ನೀರನ್ನು ನಂಬಿಕೊಂಡಿವೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಒಂದು ಸಣ್ಣ ಹಳ್ಳದೊಳಗೆ ರಾತ್ರಿ ಯಾರು ಏನು ಸುರಿಯುತ್ತಾರೆ ಅಂತ ಯಾರೂ ಬಂದು ಕಾಯುವುದಿಲ್ಲ. ಅದನ್ನು ಊರಿನವರೇ ನೋಡಬೇಕು.

ಅರಿವು ಕೇಂದ್ರಕ್ಕೆ ಸ್ವಸಹಾಯ ಸಂಘದ ಹೆಂಗಸರು ಬರುತ್ತಾರೆ. ಅವರಲ್ಲಿ ಒಬ್ಬ ಅಕ್ಕ ಒಂದು ದಿನ ಕಾಲು ತೋರಿಸಿದರು. ಮೊಣಕಾಲಿನ ಕೆಳಗೆ ಕೆಂಪು ಗುಳ್ಳೆ. "ತಂಗಿ, ಹಳ್ಳದ ಬಾಯಿ ಹತ್ರ ಇಳಿದ್ರೆ ಸಾಕು, ರಾತ್ರಿಯೆಲ್ಲ ತುರಿಸ್ತದೆ. ತೆಂಗಿನೆಣ್ಣೆ ಹಚ್ಚಿದ್ರೂ ಹೋಗೂದಿಲ್ಲ" ಅಂದರು. ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಶುರು ಮಾಡಿದರು. ವಾಸನೆ. ಬಾಯಿ ಬಿಟ್ಟುಕೊಂಡು ಸತ್ತ ಬಳಚು. ಬೆಳಿಗ್ಗೆ ನೀರಿನ ಮೇಲೆ ಬಾಯಿ ತೆರೆದು ಉಸಿರಿಗೆ ಒದ್ದಾಡುವ ಮೀನಿನ ಮರಿಗಳು. ಯಾವಾಗ ಅಂತ ಕೇಳಿದರೆ "ಮೊನ್ನೆ", "ಆ ಹುಣ್ಣಿಮೆಗೆ", "ಹಬ್ಬದ ಮುಂಚೆ". ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಚೇರಿಯಲ್ಲಿ ನಿಲ್ಲುವ ಹಾಗೆ ಹೇಳುವ ರೂಢಿ ಇರಲಿಲ್ಲ, ಅಷ್ಟೇ.

ಮೊದಲ ಕೆಲಸ ಯಾವುದು ಮಾಲಿನ್ಯ, ಯಾವುದು ಅಲ್ಲ ಅಂತ ಬೇರೆ ಮಾಡುವುದು. ಇದಕ್ಕೆ ಜಾಸ್ತಿ ಸಮಯ ಕೊಟ್ಟೆವು. ಯಾಕೆಂದರೆ ಮೊದಲ ದೂರೇ ಹುಸಿಯಾದರೆ ಎರಡನೆಯದನ್ನು ಯಾರೂ ಓದುವುದಿಲ್ಲ.

ನಮ್ಮ ಕಡೆ ನೆಲ ಚಿರೇಕಲ್ಲಿನದು, ಕಬ್ಬಿಣದ ಅಂಶ ಜಾಸ್ತಿ. ಒರತೆ ಇಳಿಯುವ ಕಡೆ ನಿಂತ ನೀರಿನ ಮೇಲೆ ಬಣ್ಣ ಬಣ್ಣದ ತೆಳು ಪದರ ಕಟ್ಟುತ್ತದೆ. ನೋಡಿದವರು ಎಣ್ಣೆ, ಡೀಸೆಲ್ ಅನ್ನುತ್ತಾರೆ. ಒಂದು ಕಡ್ಡಿಯಿಂದ ಕಲಕಿ ನೋಡಬೇಕು. ಪದರ ಒಡೆದು ಚೂರು ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಮಾಡಿದ್ದು, ಗಾಬರಿ ಬೇಡ. ಕಡ್ಡಿ ತೆಗೆದ ಕೂಡಲೇ ಸುತ್ತಿಕೊಂಡು ಮತ್ತೆ ಒಂದಾದರೆ ಎಣ್ಣೆ. ಮಕ್ಕಳು ಇದನ್ನು ಒಂದೇ ಸಲಕ್ಕೆ ಕಲಿತರು, ಈಗ ಕಂಡ ಕಂಡ ಹೊಂಡದಲ್ಲೆಲ್ಲ ಕಡ್ಡಿ ಆಡಿಸುತ್ತಾರೆ.

ಮಳೆಗಾಲದ ಮೊದಲ ಕೆಂಪು ನೀರೂ ಹಾಗೆಯೇ. ಗುಡ್ಡದ ಮಣ್ಣು ಇಳಿದು ಹೊಳೆ ಕೆಂಪಾಗುವುದು ಪ್ರತಿ ವರ್ಷ ಇದ್ದದ್ದೇ. ಆದರೆ ಬಿಸಿಲುಗಾಲದಲ್ಲಿ, ಮಳೆಯೇ ಇಲ್ಲದಾಗ ಒಂದು ಹಳ್ಳ ಮಾತ್ರ ಇದ್ದಕ್ಕಿದ್ದ ಹಾಗೆ ಬೂದು ಬಣ್ಣಕ್ಕೆ ತಿರುಗಿದರೆ ಕೇಳಬೇಕು. ನೊರೆಯೂ ಅಷ್ಟೇ. ಎಲೆ ಕೊಳೆತು ಬರುವ ನೊರೆ ಕಂದು ಇರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಬಿಳಿ ನೊರೆ, ಸೋಪಿನ ವಾಸನೆ, ಅದೂ ಒಂದೇ ಕೊಳವೆಯಿಂದ ಶುರುವಾಗಿದ್ದರೆ ಅದು ಬೇರೆ ಕಥೆ.

ಕಷ್ಟ ಆಗಿದ್ದು ವಾಸನೆಯ ವಿಷಯ. ಕಾಂಡ್ಲಾ ಗಿಡದ ಬುಡದ ಕಪ್ಪು ಕೆಸರು ತುಳಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿ ಆಡದ ಕೆಸರಿನಲ್ಲಿ ಎಲೆ, ಕಸ ಕೊಳೆಯುವಾಗ ಹುಟ್ಟುವ ಅನಿಲ ಅದು, ಕೊಳಚೆಯದಲ್ಲ. ಹೊರಗಿನಿಂದ ಬಂದವರಿಗೆ ಎರಡೂ ಒಂದೇ. ನಮ್ಮೂರಿನ ಹಿರಿಯ ಅಜ್ಜಿಯೊಬ್ಬರು ಕೈಯಲ್ಲಿ ಒಂದಿಷ್ಟು ಕೆಸರು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದು "ಇದು ಹೊಳೆ ವಾಸನೆ. ಅಲ್ಲಿ ಮೋರಿ ಹತ್ರ ಬರೂದು ಪಾಯಿಖಾನೆ ವಾಸನೆ. ಗುರ್ತು ಸಿಕ್ತಾ?" ಅಂದರು. ಸಿಕ್ಕಿತು. ಈ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಕಲಿಸುವವರನ್ನು ನಾನು ನೋಡಿಲ್ಲ. ಆಮೇಲೆ ಹೊಸಬರು ಸೇರಿದಾಗೆಲ್ಲ ಅವರನ್ನೇ ಕರೆಯುತ್ತಿದ್ದೆವು.

ಮೀನು ಸಾಯುವುದಕ್ಕೂ ಹೊತ್ತು ಮುಖ್ಯ. ನೀರಿನೊಳಗಿನ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಹಾಗಾಗಿ ಆಮ್ಲಜನಕ ತೀರಾ ಕಡಿಮೆ ಇರುವುದು ಬೆಳಗಾಗುವ ಹೊತ್ತಿಗೆ. ಕೊಳಚೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇನ್ನಷ್ಟು ಎಳೆದುಕೊಳ್ಳುತ್ತವೆ. ಮೀನುಗಾರಿಕೆಗೆ ತಕ್ಕ ನೀರು ಅನ್ನಿಸಿಕೊಳ್ಳಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ನಮ್ಮ ಹತ್ತಿರ ಅಳೆಯುವ ಯಂತ್ರ ಇಲ್ಲ. ಆದರೆ ಹತ್ತು ಗಂಟೆಗೆ ಎದ್ದು ಹೋಗಿ ಸತ್ತ ಮೀನು ನೋಡುವುದಕ್ಕಿಂತ, ಆರು ಗಂಟೆಗೆ ಹೋಗಿ ಮೇಲೆ ಬಂದು ಬಾಯಿ ಬಿಡುವ ಮೀನನ್ನು ವಿಡಿಯೋ ಮಾಡಿದರೆ ಅದು ತುಂಬಾ ಹೇಳುತ್ತದೆ.

ಬಾವಿಗಳ ಮಾತು ಬೇರೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನಮ್ಮಲ್ಲೂ ಕಿಟ್ ಬಂದಿತ್ತು, ಕಪಾಟಿನಲ್ಲಿತ್ತು. ಹೊರಗೆ ತೆಗೆದೆವು. ಅದರಲ್ಲಿ ಎಚ್‌ಟುಎಸ್ ಬಾಟಲಿ ಅಂತ ಸಣ್ಣದೊಂದು ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಕಡೆ ಇಟ್ಟು 24ರಿಂದ 48 ಗಂಟೆ ಕಾಯಬೇಕು. ಕಪ್ಪಾದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಇರುವ ಶಂಕೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಇರಬಾರದು ಅನ್ನುವುದು ನಿಯಮ. ಹಳ್ಳದ ಪಕ್ಕದ ಬಾವಿಗಳ ಬಾಟಲಿ ಕಪ್ಪಾದವು. ಮೇಲಿನ ಕೇರಿಯವು ಆಗಲಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಯಾರಿಗೂ ಭಾಷಣ ಬೇಕಾಗಲಿಲ್ಲ. ಆ ದಿನದಿಂದಲೇ ಕೆಳಗಿನ ಮನೆಗಳಲ್ಲಿ ನೀರು ಕುದಿಸಿ ಕುಡಿಯಲು ಶುರು ಮಾಡಿದರು, ಆಶಾ ಕಾರ್ಯಕರ್ತೆ ಬಂದು ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಒಂದು ಎಚ್ಚರಿಕೆ: ಅಳಿವೆಯ ಕೆಸರು ನೀರಿಗೆ ಈ ಬಾಟಲಿ ಬಳಸಬೇಡಿ. ಆ ಕೆಸರಿನಲ್ಲಿ ಇರುವ ಅನಿಲದಿಂದಲೇ ಅದು ಕಪ್ಪಾಗಬಹುದು.

ಆಮೇಲೆ ಪುಸ್ತಕ ಇಟ್ಟೆವು. ಸಾದಾ ಉದ್ದ ರೂಲಿನ ಪುಸ್ತಕ. ದಿನಾಂಕ, ಗಂಟೆ, ಉಬ್ಬರವೋ ಇಳಿತವೋ, ಹಿಂದಿನ ಎರಡು ದಿನದಲ್ಲಿ ಮಳೆ ಬಂದಿತ್ತೋ, ಜಾಗ, ಕಂಡಿದ್ದು ಏನು, ಮೂಸಿದ್ದು ಏನು, ನೋಡಿದವರು ಯಾರು. ಇನ್ನೊಂದು ಕಾಲಂ ಆಮೇಲೆ ಸೇರಿಸಿದ್ದು: "ಎಲ್ಲಿಯವರೆಗೆ?" ಅಂದರೆ ಕೆಟ್ಟ ನೀರು ಕಂಡ ಜಾಗದಿಂದ ಹಳ್ಳದ ಮೇಲಕ್ಕೆ ನಡೆಯುತ್ತಾ ಹೋಗಬೇಕು, ನೀರು ಚೆನ್ನಾಗಿ ಕಾಣುವ ಕಡೆ ನಿಲ್ಲಬೇಕು. ಆ ಎರಡು ಜಾಗದ ನಡುವೆಯೇ ಎಲ್ಲೋ ಸೇರುತ್ತಿದೆ ಅಂತ ಅರ್ಥ. ನಮಗೆ ಸಿಕ್ಕಿದ್ದು ರಸ್ತೆಯ ಮೋರಿ. ಅದರ ಮೇಲೆ ಟ್ಯಾಂಕರ್ ಚಕ್ರದ ಗುರುತು, ಬದಿಯ ಹುಲ್ಲು ಸುಟ್ಟ ಹಾಗೆ ಕಪ್ಪು. ಸ್ವಲ್ಪ ಕೆಳಗೆ ಒಂದು ಕಾಂಪೌಂಡ್ ಗೋಡೆಯಡಿ ಒಂದು ಪೈಪು.

ಬರೆಯಲು ಬಾರದವರು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು, ನಾನು ಪುಸ್ತಕಕ್ಕೆ ಇಳಿಸುತ್ತಿದ್ದೆ. ಫೋಟೋ ಎರಡು ಬೇಕು. ಒಂದು ಹತ್ತಿರದ್ದು, ಇನ್ನೊಂದು ದೂರದಿಂದ, ಮೋರಿಯೋ ಮರವೋ ಕಂಬವೋ ಕಾಣುವ ಹಾಗೆ. ಜಾಗ, ಹೊತ್ತು ಫೋಟೋದ ಮೇಲೇ ಬೀಳುವ ಕ್ಯಾಮೆರಾ ಆಪ್ ಇದ್ದರೆ ಇನ್ನೂ ಒಳ್ಳೆಯದು. ಹುಡುಗರಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದು, ರಾತ್ರಿ ಟ್ಯಾಂಕರ್ ಅಡ್ಡಗಟ್ಟಲು ಹೋಗಬೇಡಿ, ಯಾರ ಕಾಂಪೌಂಡಿನೊಳಗೂ ಇಳಿಯಬೇಡಿ, ಆ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ. ದೂರದಿಂದ ಗಾಡಿ ನಂಬರ್ ಮತ್ತು ಹೊತ್ತು ಸಿಕ್ಕರೆ ಸಾಕು.

ಇಷ್ಟಾಗುವ ಹೊತ್ತಿಗೆ ನಿಜವಾದ ಕಷ್ಟ ಎದುರಾಯಿತು. ದೂರಿಗೆ ಸಹಿ ಹಾಕಿ ಅಂದಾಗ ಬಳಚು ಮಾರುವ ಹೆಂಗಸರು ಹಿಂದೆ ಸರಿದರು. "ಹಳ್ಳ ಹೊಲಸಾಗಿದೆ ಅಂತ ನಾವೇ ಬರೆದುಕೊಟ್ರೆ ನಾಳೆ ಪೇಟೆಯಲ್ಲಿ ನಮ್ಮ ಬಳಚು ಯಾರು ತಗೊಳ್ತ್ರು? ಮನೆ ಹೇಗೆ ನಡೀಬೇಕು?" ನನ್ನ ಹತ್ತಿರ ಇದಕ್ಕೆ ಸುಲಭದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನನಗೆ ತಿಂಗಳಿಗೆ ಸಂಬಳ ಬರುತ್ತದೆ, ಅವರಿಗೆ ಆ ದಿನದ ಬುಟ್ಟಿಯೇ ಆ ದಿನದ ಅಕ್ಕಿ. ಮಾಲಿನ್ಯದ ಬಗ್ಗೆ ಮಾತಾಡುವವರು ಈ ಭಯವನ್ನು ಅಜ್ಞಾನ ಅಂತ ತಳ್ಳಿಬಿಡುತ್ತಾರೆ. ಅದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಅವರು ಲೆಕ್ಕ ಹಾಕಿಯೇ ಹೇಳುತ್ತಿದ್ದರು.

ಹಾಗಂತ ಮುಚ್ಚಿಡುವ ಹಾಗೂ ಇರಲಿಲ್ಲ. ಬಳಚು ನೀರನ್ನು ಒಳಗೆ ಎಳೆದು ಸೋಸಿ ಅದರಲ್ಲಿರುವುದನ್ನು ತಿಂದು ಬದುಕುವ ಜೀವಿ. ನೀರಿನಲ್ಲಿ ರೋಗಾಣು ಇದ್ದರೆ ಅದರೊಳಗೆ ಸೇರಿಕೊಳ್ಳುತ್ತದೆ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯಬಹುದು, ಆದರೆ ಲೋಹವೋ ರಾಸಾಯನಿಕವೋ ಇದ್ದರೆ ಬೇಯಿಸಿದ್ದಕ್ಕೆ ಹೋಗುವುದಿಲ್ಲ. ತಮ್ಮ ಮಕ್ಕಳಿಗೂ ಅದೇ ಬಳಚಿನ ಸುಕ್ಕ ಮಾಡಿ ಬಡಿಸುತ್ತಾರಲ್ವಾ? ಈ ಮಾತನ್ನು ನಾನು ಹೇಳಲಿಲ್ಲ, ಕಾಲು ತೋರಿಸಿದ ಅದೇ ಅಕ್ಕ ಹೇಳಿದರು. ಬಹಳ ಹೊತ್ತು ಮಾತಾಯಿತು, ಸ್ವಲ್ಪ ಜಗಳವೂ ಆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಹಳ್ಳದ ಬಾಯಿಯ ಸುತ್ತ ಯಾರೂ ಬಳಚು ತೆಗೆಯುವುದು ಬೇಡ. ದೂರಿನಲ್ಲಿ ಇಡೀ ಹೊಳೆ ಕೆಟ್ಟಿದೆ ಅಂತ ಬರೆಯುವುದು ಬೇಡ, ಮೋರಿಯಿಂದ ಹಳ್ಳದ ಬಾಯಿಯವರೆಗೆ ಅಂತಲೇ ಬರೆಯಬೇಕು, ನಾವು ನೋಡಿದ್ದೂ ಅಷ್ಟೇ. ಮೀನುಗಾರಿಕೆ ಇಲಾಖೆಗೆ ಪ್ರತಿ ಕಳಿಸಿ, ದೂರದ ದಿಬ್ಬದ ಬಳಚನ್ನೂ ಪರೀಕ್ಷೆ ಮಾಡಿಸಿ ಅಂತ ಕೇಳಬೇಕು. ಇಷ್ಟು ಒಪ್ಪಿದ ಮೇಲೆ ಸಹಿ ಬಿದ್ದವು, ಕೆಲವು ಹೆಬ್ಬೆಟ್ಟು.

ದೂರು ಒಂದೇ ಪುಟ. ಎಲ್ಲಿ, ಯಾವಾಗಿನಿಂದ, ಏನು ಕಂಡೆವು, ಯಾರಿಗೆ ತೊಂದರೆ, ಏನು ಮಾಡಬೇಕು ಅಂತ ಕೇಳುತ್ತೇವೆ. ಜೊತೆಗೆ ಪುಸ್ತಕದ ಪುಟಗಳ ಜೆರಾಕ್ಸ್, ಫೋಟೋ, ಕೈಯಲ್ಲಿ ಬಿಡಿಸಿದ ನಕ್ಷೆ. ಇಂಥವರೇ ಮಾಡಿದ್ದು ಅಂತ ಹೆಸರು ಬರೆಯಲಿಲ್ಲ, "ಈ ಹೊತ್ತಿಗೆ ಈ ನಂಬರಿನ ಗಾಡಿ ಮೋರಿಯ ಮೇಲೆ ನಿಂತಿತ್ತು" ಅಂತ ಬರೆದೆವು. ಮಾಡಿದವರು ಯಾರು ಅಂತ ಪತ್ತೆ ಮಾಡುವುದು ಕಚೇರಿಯವರ ಕೆಲಸ. ಜಲ ಮಾಲಿನ್ಯ ತಡೆ ಕಾಯ್ದೆ 1974ರದು, ಅದರ 24ನೇ ಕಲಂ ಹೊಳೆಗೋ ಬಾವಿಗೋ ಮಲಿನ ವಸ್ತು ಬಿಡುವುದನ್ನು ತಡೆಯುತ್ತದೆ. ಅದನ್ನು ಒಂದು ಸಾಲಿನಲ್ಲಿ ಸೇರಿಸಿದೆವು. ಮೂಲ ಪ್ರತಿ ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಉಳಿದವು ಪಿಡಿಒ, ತಹಶೀಲ್ದಾರ್, ಮೀನುಗಾರಿಕೆ ಇಲಾಖೆಗೆ. ಕೈಯಲ್ಲಿ ಕೊಟ್ಟ ಕಡೆ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಂಡೆವು, ಅಂಚೆಗೆ ಹಾಕಿದ್ದಕ್ಕೆ ರಿಜಿಸ್ಟರ್ಡ್ ರಸೀದಿ. ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೂ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಂಡೆವು. ಸ್ವೀಕೃತಿ ಇಲ್ಲದೆ ಯಾವ ಕಚೇರಿಯಿಂದಲೂ ವಾಪಸ್ ಬರಬೇಡಿ.

ಒಂದು ಕಚೇರಿಯಿಂದ ಬೇಗನೆ ಬಂದು ನೋಡಿದರು. ಯಾವ ಕಚೇರಿ ಅಂತ ಇಲ್ಲಿ ಬೇಡ. ಬಂದಿದ್ದು ತುಂಬು ಉಬ್ಬರದ ಹೊತ್ತಿಗೆ. ಹಳ್ಳದ ತುಂಬ ಸಮುದ್ರದ ನೀರು, ನೋಡಲು ಚಂದ, ವಾಸನೆಯೂ ಇಲ್ಲ. "ನೀರು ಚೆನ್ನಾಗಿಯೇ ಇದೆಯಲ್ಲ" ಅಂತ ಹೇಳಿ ಹೋದರು. ಹೆಂಗಸರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆದರೆ ಪುಸ್ತಕ ಇತ್ತಲ್ಲ. ತೆಗೆದು ನೋಡಿದರೆ ವಾಸನೆ, ಬೂದು ನೀರು, ಮೀನು ಒದ್ದಾಟ ಹೆಚ್ಚುಕಡಿಮೆ ಎಲ್ಲವೂ ಇಳಿತದ ಸಾಲಿನಲ್ಲೇ ಇತ್ತು. ಉಬ್ಬರ ಬಂದಾಗ ಸಮುದ್ರದ ನೀರು ಕೊಳಚೆಯನ್ನು ಹಿಂದಕ್ಕೆ ತಳ್ಳಿ ತೆಳು ಮಾಡುತ್ತದೆ. ಇಳಿತದಲ್ಲಿ ಹಳ್ಳದ್ದೇ ನೀರು ಹೊರಗೆ ಬರುತ್ತದೆ, ಆಗ ಬಣ್ಣ ಬಯಲಾಗುತ್ತದೆ. ದಿನಕ್ಕೆ ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ತೀರಾ ಕೆಳಗಿಳಿಯುತ್ತದೆ. ಇದನ್ನು ಬಳಚು ಹೆಕ್ಕುವವರಿಗೆ ಯಾರೂ ಕಲಿಸಬೇಕಿಲ್ಲ, ಅವರ ಕೆಲಸದ ಗಡಿಯಾರವೇ ಅದು. ಎರಡನೇ ಪತ್ರದಲ್ಲಿ ಅವರು ಹೇಳಿದ ಹಾಗೆ ಮುಂದಿನ ಹದಿನೈದು ದಿನದ ಇಳಿತದ ಹೊತ್ತುಗಳನ್ನು ಪಟ್ಟಿ ಮಾಡಿ, ಈ ಹೊತ್ತಿಗೇ ಬನ್ನಿ, ನಮ್ಮಲ್ಲಿ ಇಬ್ಬರು ಮೋರಿಯ ಹತ್ತಿರ ಇರುತ್ತಾರೆ ಅಂತ ಬರೆದೆವು.

ಮಂಡಳಿಯವರು ಬಂದಿದ್ದು ಆ ಪಟ್ಟಿಯ ಪ್ರಕಾರವೇ. ಅದಕ್ಕೆ ಮುಂಚೆ ಕೆಲವರು ಬಾಟಲಿಯಲ್ಲಿ ನೀರು ತುಂಬಿ ಇಟ್ಟಿದ್ದರು, ಅದನ್ನು ಕೊಡಲು ಹೋದರು. ಅಧಿಕಾರಿ ಸಮಾಧಾನವಾಗಿ ವಿವರಿಸಿದರು. ಕಾನೂನು ಕ್ರಮಕ್ಕೆ ಬೇಕಾದ ಮಾದರಿಯನ್ನು ಮಂಡಳಿಯವರೇ ತೆಗೆಯಬೇಕು, ನೀರು ಬಿಡುವವರಿಗೆ ತಿಳಿಸಿ, ಎರಡು ಭಾಗ ಮಾಡಿ, ಸೀಲು ಹಾಕಬೇಕು, ಅದೇ ಜಲ ಕಾಯ್ದೆಯ 21ನೇ ಕಲಂ ಅದಕ್ಕೇ ಇರುವುದು. ನಮ್ಮ ಬಾಟಲಿಗೆ ಆ ಬೆಲೆ ಇಲ್ಲ. ಮೇಲಾಗಿ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಬಿಸಿಲಿನಲ್ಲಿ ಇಟ್ಟ ನೀರು ತನ್ನಷ್ಟಕ್ಕೇ ಬದಲಾಗಿಬಿಡುತ್ತದೆ. ಅವರು ಮೋರಿಯ ಮೇಲೆ, ಕೆಳಗೆ, ಪೈಪಿನ ಬಾಯಿಯ ಹತ್ತಿರ ಬೇರೆ ಬೇರೆ ಮಾದರಿ ತೆಗೆದರು. ಅಜ್ಜಿ ಕೋಲೂರಿ ನಿಂತು "ಇಲ್ಲಿ ಅಲ್ಲ, ಇನ್ನೊಂಚೂರು ಆಚೆ" ಅಂತ ಜಾಗ ತೋರಿಸುತ್ತಿದ್ದರು, ಅಧಿಕಾರಿಗಳೂ ಅಲ್ಲಿಯೇ ತೆಗೆದರು.

ಫಲಿತಾಂಶ ನಮ್ಮ ಕೈಗೆ ಬಂದಿದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಮೋರಿಯ ಕೆಳಗಿನ ನೀರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಜಾಸ್ತಿ, ಆಮ್ಲಜನಕ ಕಡಿಮೆ. ಮೇಲಿನದು ಪರವಾಗಿಲ್ಲ. ಪುಸ್ತಕದಲ್ಲಿದ್ದದ್ದೇ ಈಗ ಸೀಲು ಹಾಕಿದ ಕಾಗದದಲ್ಲಿತ್ತು. ಅದನ್ನು ಗ್ರಾಮ ಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ಬರೆಸಿದೆವು. ಟ್ಯಾಂಕರ್‌ನವರಿಗೆ ನೋಟಿಸ್ ಹೋಯಿತು, ಮೋರಿಯ ಹತ್ತಿರ ಕಂಬ ನೆಟ್ಟು ಲೈಟು ಹಾಕಿದರು. ಆಮೇಲೆ ಅಲ್ಲಿ ಗಾಡಿ ನಿಂತ ಸುದ್ದಿ ಪುಸ್ತಕಕ್ಕೆ ಬಂದಿಲ್ಲ.

ನನ್ನ ಚಿಕ್ಕಮ್ಮನ ಮಗಳು ಶಿರಸಿ ಕಡೆಯಿದ್ದಾಳೆ. ಇದನ್ನೆಲ್ಲ ಕೇಳಿ, ಅಡಿಕೆ ಬೇಯಿಸುವ ಕಾಲದಲ್ಲಿ ಅವರ ಹಳ್ಳಕ್ಕೆ ಉಳಿದ ಚೊಗರು ಬಿಡುತ್ತಾರೆ, ನೀರು ಕೆಂಪಾಗುತ್ತದೆ, ಅದನ್ನೂ ಬರೆದಿಡಬೇಕಾ ಅಂತ ಕೇಳಿದಳು. ಬರೆದಿಡು ಅಂದೆ. ಅಲ್ಲಿ ಉಬ್ಬರ ಇಳಿತ ಇಲ್ಲ, ಆ ಕಾಲಂ ತೆಗೆದು "ಮೀನು ಹೇಗಿವೆ" ಅಂತ ಹಾಕಿಕೊಂಡಿದ್ದಾಳೆ. ಅಕ್ಕಪಕ್ಕದ ತೋಟದವರೇ ಆದ್ದರಿಂದ ಅವಳು ದೂರಿಗೆ ಹೋಗದೆ ಮೊದಲು ಮನೆಮನೆಗೆ ಹೋಗಿ ಮಾತಾಡುವ ಯೋಚನೆಯಲ್ಲಿದ್ದಾಳೆ. ಅಲ್ಲಿಗೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ನಮ್ಮಲ್ಲಿ ಕಾಂಪೌಂಡ್ ಗೋಡೆಯಡಿಯ ಪೈಪು ಇನ್ನೂ ಇದೆ. ಹಗಲು ಒಣಗಿರುತ್ತದೆ, ರಜೆಯ ದಿನಗಳ ರಾತ್ರಿ ಹರಿಯುತ್ತದೆ. ಅದರ ಬಗ್ಗೆ ಬೇರೆಯೇ ದೂರು ಕೊಟ್ಟಿದ್ದೇವೆ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ ಅಂತ. ಕ್ರಮ ಆಗದಿದ್ದರೆ ಜಲ ಕಾಯ್ದೆಯ 49ನೇ ಕಲಂ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ನೇರ ನ್ಯಾಯಾಲಯಕ್ಕೆ ಹೋಗಬಹುದು, ಕುಮಟಾದ ವಕೀಲರೊಬ್ಬರು ಆ ನೋಟಿಸ್ ಬರೆದುಕೊಡಲು ಒಪ್ಪಿದ್ದಾರೆ. ಬಳಚಿನ ಪರೀಕ್ಷೆಯ ಉತ್ತರ ಇನ್ನೂ ಬಂದಿಲ್ಲ, ಅದಕ್ಕೆ ನೆನಪೋಲೆ ಕಳಿಸಿದ್ದೇವೆ. ಹಳ್ಳದ ಬಾಯಿಯಲ್ಲಿ ಈಗಲೂ ಯಾರೂ ಇಳಿಯುವುದಿಲ್ಲ. ಈ ಅಮಾವಾಸ್ಯೆಯ ಇಳಿತ ನಸುಕಿನಲ್ಲಿ ಬರುತ್ತದೆ, ಶನಿವಾರದ ರಾತ್ರಿ ಕಳೆದು. ಪೈಪಿನ ವಿಡಿಯೋ ಮಾಡಲು ಹೋಗುವ ನಾಲ್ವರ ಹೆಸರು ಪುಸ್ತಕದಲ್ಲಿ ಬರೆದಾಗಿದೆ.